ಒದ್ದೆ ನೆಲದ ಹನ್ನೊಂದು ಕಂಬಗಳು

ಜುಲೈ ೧೪, ಸೋಮವಾರ

ಪ್ರೀತಿಯ ತಮ್ಮಾ,

ನೀನು, ಹೆಂಡತಿ, ಮಕ್ಕಳು ಎಲ್ಲರೂ ಕ್ಷೇಮ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅಂಗೈ ತುಂಬ ಬೊಬ್ಬೆ. ಪೆನ್ನು ಹಿಡಿಯಲು ಇವತ್ತಷ್ಟೇ ಸಾಧ್ಯವಾಯಿತು. ಬೊಬ್ಬೆ ಯಾರ ಕೃಪೆ ಎಂದರೆ, ನಿನ್ನದೇ.

ಅಮ್ಮ ದಿಕ್ಕು ತಪ್ಪಿ ಹಿತ್ತಲಿನಿಂದ ಜೌಗಿಗೆ ಇಳಿಯದಿರಲಿ ಎಂದು ಮೂರು ವರ್ಷದ ಹಿಂದೆ ರಜೆಯಲ್ಲಿ ಬಂದು ಬೇಲಿ ಹಾಕಿದೆಯಲ್ಲ, ಅದು ಉರುಳಿತು. ಬೇಲಿ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ, ಬೇಲಿ ಮಲಗಿ ನಿದ್ದೆ ಹೊಡೆಯುವುದನ್ನು ಈಗ ಕಂಡೆ. ಅವತ್ತು ಅಂಚೆಯವನು ನಿನ್ನ ಪತ್ರವನ್ನೂ ಅಮ್ಮನನ್ನೂ ಒಟ್ಟಿಗೇ ತಂದುಕೊಟ್ಟ. ಅಮ್ಮ ಸೊಂಟದವರೆಗೂ ಒದ್ದೆ, ಕಾಲಲ್ಲಿ ಒಂದೇ ಚಪ್ಪಲಿ. "ಜೌಗಲ್ಲಿ ಇನ್ನೊಂದು ಮಾರು ಹೋಗಿದ್ರೆ ಸಿಗ್ತಿರ್ಲಿಲ್ಲ ಅಕ್ಕಾ" ಎಂದ. ನಿನ್ನ ಪತ್ರದಲ್ಲಿ ಏನಿತ್ತು? "ಕಂಬ ಅಲ್ಲಾಡಿದರೆ ಇನ್ನಷ್ಟು ಸಿಮೆಂಟು ಸುರಿ." ದೂರ ಕೂತು ಹೇಳುವುದಕ್ಕೆ ನಿನಗೇನು!

ಕಿತ್ತು ನೋಡಿದೆ. ನಿನ್ನ ಸಿಮೆಂಟು ಗಟ್ಟಿಯಾಗಿಯೇ ಇದೆ, ಒಳಗಿನ ಮರ ಮಾತ್ರ ನೆನೆದ ಬ್ರೆಡ್ಡು. ಮರ ಕುಗ್ಗಿದ ಸಂದಿಯಲ್ಲಿ ನೀರು ಇಳಿದು, ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿದೆ. ಮೂವತ್ತು ವರ್ಷ ಊರವರ ಬೇಲಿ ಹಾಕಿ 'ಕಂಬದಮ್ಮ' ಎನ್ನಿಸಿಕೊಂಡವಳ ಮಗ ನೀನು! "ಸಿಮೆಂಟು ಬೇಡ್ವೋ, ಬುಡದಲ್ಲಿ ನೀರು ನಿಲ್ಲುತ್ತೆ" ಎಂದು ಅವಳು ಅಂದೇ ಬಡಕೊಂಡಳು. ಅರಳುಮರಳು ಎಂದು ನೀನು ನಕ್ಕೆ. ನಾನೂ ಬಾಯಿ ಮುಚ್ಚಿಕೊಂಡಿದ್ದೆ, ಅದಕ್ಕೆ ನನ್ನನ್ನೂ ಬೈದುಕೊಳ್ಳುತ್ತಿದ್ದೇನೆ.

ಈ ಸಲ ಗುಂಡಿ ನಾನೇ ತೋಡಿದೆ. ಈಗೀಗ ನನ್ನನ್ನು ನರ್ಸಮ್ಮ ಎನ್ನುವ ಅಮ್ಮ, ಹಾರೆ ಕಂಡದ್ದೇ ತೋಳೇರಿಸಿಕೊಂಡು ಬಂದಳು. "ಏನು ನರ್ಸಮ್ಮಾ, ಗುಂಡಿ ತೋಡ್ತಿದ್ದೀಯೋ, ನೆಲ ಕೆರೀತಿದ್ದೀಯೋ? ಮೂರಡಿ ಇಳಿ. ತಳಕ್ಕೆ ಜಲ್ಲಿ ಹಾಕು, ನೀರು ಇಳಿದು ಹೋಗ್ಲಿ. ಸುತ್ತಲೂ ಜಲ್ಲೀನೇ, ಗೇಣು ಗೇಣಿಗೂ ಗುದ್ದು." ಮಳೆನೀರು ಜಾರುವಂತೆ ಕಂಬದ ತಲೆಯನ್ನು ಓರೆಯಾಗಿ ಕತ್ತರಿಸಿರಲಿಲ್ಲವೆಂದು, ನೆಟ್ಟ ಎರಡು ಕಂಬ ಕೀಳಿಸಿದಳು. ನಿಂತಲ್ಲೇ ಕತ್ತರಿಸಬಹುದಲ್ಲ ಎಂದರೆ ಕೇಳಬೇಕಲ್ಲ! ಹನ್ನೊಂದು ಕಂಬಕ್ಕೆ ಐದು ದಿನ ಹಿಡಿಯಿತು. ನನ್ನ ಸೊಂಟ ಬಿದ್ದುಹೋಗಿದೆ, ಬೇಲಿ ಮಾತ್ರ ಎಮ್ಮೆ ಬಂದು ಒರಗಿದರೂ ಅಲ್ಲಾಡುವುದಿಲ್ಲ.

ಮಕ್ಕಳಿಗೆ ನನ್ನ ಮುತ್ತು. ನೀನು ನೂರು ಕಾಲ ಬಾಳು, ಸಿಮೆಂಟಿನ ತಂಟೆಗೆ ಮಾತ್ರ ಹೋಗಬೇಡ.

ನಿನ್ನ ಅಕ್ಕ

ಮೇಲೆ ಬರೆಯಲಾಗದ್ದು: ಕೊನೆಯ ಕಂಬವನ್ನು ಅಮ್ಮ ತಾನೇ ಗುದ್ದಿ ನಿಲ್ಲಿಸಿದಳು. ಆಮೇಲೆ, "ಈ ಬೇಲಿ ಯಾತಕ್ಕೆ, ದನಕ್ಕಾ?" ಎಂದು ಕೇಳಿದಳು. ನಿಜ ಹೇಳದೆ "ಹೂಂ" ಎಂದೆ. "ಹಾಗಾದ್ರೆ ಗೇಟಿನ ಚಿಲಕ ಆ ಕಡೆ ಹಾಕು, ಕೆಳಗೆ. ಒಳಗಿರೋದಕ್ಕೆ ಎಟುಕಬಾರದು. ಪಾಪ, ಅದಕ್ಕೇನು ಗೊತ್ತಾಗುತ್ತೆ" ಎಂದಳು. ಅವಳು ತೋರಿಸಿದಲ್ಲೇ ಹಾಕಿದ್ದೇನೆ. ಬೆಳಿಗ್ಗೆಯಿಂದ ಗೇಟಿನ ಸಂದಿಯಲ್ಲಿ ಕೈ ತೂರಿಸಿ ತಡಕುತ್ತಿದ್ದಾಳೆ. ಎಟುಕುತ್ತಿಲ್ಲ. ನನಗೆ ನೋಡಲಾಗುತ್ತಿಲ್ಲ ಕಣೋ.