ನೇರ ಹೋಗಿ

ವೆನಿಸ್,
ನವೆಂಬರ್ 7, 2017, ಮಂಗಳವಾರ

ನನ್ನ ಮುದ್ದು ನಿವೆಸ್,

ನಿನ್ನ ಕಾಗದ ನಿನ್ನೆ ಕೈಸೇರಿತು. ಫೋನಿನಲ್ಲಿ ಕೇಳಿದರೆ ಅಮ್ಮ ಅರ್ಧಕ್ಕೇ ಬೇರೆ ಮಾತಿಗೆ ಹಾರುತ್ತಾಳೆ, ಬರೆದೇ ಕಳಿಸಲಿ ಅಂದಿದ್ದೀಯ. ಮುಂದಿನ ತಿಂಗಳು ನೀನು ಜರ್ಮನ್ ಕಲಿಸುವ ಶಾಲೆಗೆ ಜರ್ಮನಿಯಿಂದ ಬರುವ ಇಪ್ಪತ್ತಾರು ಮಕ್ಕಳನ್ನು ಪಾದುವಾದಿಂದ ಒಂದು ದಿನದ ಮಟ್ಟಿಗೆ ಇಲ್ಲಿಗೆ ಕರೆತರುತ್ತೀಯ, ಊರಿನಲ್ಲಿ ಹುಷಾರಾಗಿರುವುದು ಹೇಗೆ ಎಂದು ಅವರಿಗೆ ಒಂದು ಹಾಳೆ ಹಂಚಬೇಕು, ಅದನ್ನು ನಾನು ಬರೆದುಕೊಡಬೇಕು. "ನಲವತ್ತು ವರ್ಷದಿಂದ ಆ ಓಣೀಲಿ ಗುಂಡಿ, ದಾರ ಮಾರ್ಕೊಂಡು ಪ್ರವಾಸಿಗಳನ್ನ ನೋಡ್ತಾ ಕೂತಿದ್ದೀಯ, ಅವರು ಎಲ್ಲಿ ಎಡವ್ತಾರೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಮ್ಮ" ಎಂದು ಬೆಣ್ಣೆ ಬೇರೆ ಹಚ್ಚಿದ್ದೀಯ. ಗೊತ್ತು ಕಣೇ. ಬೇಡವೆನ್ನುವಷ್ಟು ಗೊತ್ತು.

ಮೊದಲು ಜೇಬಿನ ವಿಚಾರ. ದೋಣಿ ಬಸ್ಸಿನಲ್ಲಿ ಚೀಲವನ್ನು ಬೆನ್ನಿಗಲ್ಲ, ಹೊಟ್ಟೆಗೆ ಹಾಕಿಕೊಳ್ಳಲಿ. ಕಳ್ಳರು ಹರಕು ಬಟ್ಟೆಯಲ್ಲಿ ಬರುವುದಿಲ್ಲ, ನಿನ್ನ ಮದುವೆಗೆ ಬಂದವರಿಗಿಂತ ಠೀಕಾಗಿ ಬರುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ಒಬ್ಬಳು ಮುಂದೆ ಅಡ್ಡ ನಿಲ್ಲುತ್ತಾಳೆ, ಇನ್ನೊಬ್ಬಳು ಹಿಂದಿನಿಂದ ತಳ್ಳುತ್ತಾಳೆ, ಮೂರನೆಯವಳ ಕೈಗೆ ನಿನ್ನ ಪರ್ಸು ಹೋಗಿರುತ್ತದೆ. ಚೌಕದಲ್ಲಿ ಯಾರಾದರೂ ಬಿಟ್ಟಿಯಾಗಿ ಗುಲಾಬಿ ಹಿಡಿಸಲು ಬಂದರೆ ಎರಡೂ ಕೈ ಜೇಬಿಗೆ. ರೊಟ್ಟಿಯನ್ನು ತಲೆಗಿಂತ ಮೇಲೆ ಎತ್ತಿ ಫೋಟೊ ತೆಗೆಯುವುದು ಬೇಡ, ನಮ್ಮ ಕಡಲಹಕ್ಕಿಗಳಿಗೆ ಮುಲಾಜಿಲ್ಲ. ಕಾಲುವೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬಾರದು. ಮುಖ್ಯವಾಗಿ, ನೀರಿಗಿಳಿಯುವ ಮೆಟ್ಟಿಲುಗಳಲ್ಲಿ ಹಸಿರಾದ ಮೆಟ್ಟಿಲಿನ ಮೇಲೆ ಯಾವ ಕಾರಣಕ್ಕೂ ಕಾಲಿಡಬಾರದು. ಪಾಚಿ ಬೆಳೆದ ಕಲ್ಲು ಎಣ್ಣೆ ಸವರಿದ ಹಾಗೆ ಜಾರುತ್ತದೆ, ಹಿಡಿದುಕೊಳ್ಳಲು ಅಲ್ಲಿ ಏನೂ ಸಿಗುವುದಿಲ್ಲ.

ಉಬ್ಬರದ ಸೈರನ್ ಕೂಗಿದರೆ ಓಣಿಗಳಲ್ಲಿ ನಡೆಯಲೆಂದು ಎತ್ತರಕ್ಕೆ ಜೋಡಿಸುವ ಹಲಗೆಗಳ ಮೇಲೆ ಸಾಲಾಗಿ, ಬಲಬದಿಗೆ ನಡೆಯಲಿ. ನೀರು ಇನ್ನೂ ಏರಿದರೆ ತೇಲಿಹೋದಾವೆಂದು ಕೆಲಸಗಾರರು ಹಲಗೆಗಳನ್ನು ತೆಗೆದುಬಿಡುತ್ತಾರೆ. ಹಲಗೆ ತೆಗೆದರು ಅಂದರೆ ಎಲ್ಲಿದ್ದೀರೋ ಅಲ್ಲೇ ಉಳಿಯಿರಿ. ಯಾವುದಾದರೂ ಅಂಗಡಿಗೆ ನುಗ್ಗಿ, ಬೈದರೆ ಬೈಸಿಕೊಳ್ಳಿ.

ಇನ್ನೊಂದಿದೆ. ಇದನ್ನು ದಪ್ಪಕ್ಷರದಲ್ಲಿ ಹಾಕು. ವೆನಿಸಿನವರನ್ನು ದಾರಿ ಕೇಳಬೇಡಿ.

ನೀನು ನಗುತ್ತಿದ್ದೀಯ ಅಂತ ನನಗೆ ಗೊತ್ತು. ನಮ್ಮೂರಿನಲ್ಲಿ ಯಾರು ಯಾವ ದಾರಿ ಕೇಳಿದರೂ ಉತ್ತರ ಒಂದೇ, "ನೇರ ಹೋಗಿ." ನಿನ್ನ ತಾತ ಅದನ್ನೇ ಹೇಳುತ್ತಿದ್ದರು. ನೀನೂ ಐದು ವರ್ಷದವಳಿದ್ದಾಗ ಹೊಸ್ತಿಲ ಮೇಲೆ ನಿಂತು, ಕೈ ಬೀಸಿ, ಒಬ್ಬ ಜಪಾನಿ ಮುದುಕರಿಗೆ ಹೇಳಿದ್ದೆ. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಈ ಊರಿನಲ್ಲಿ ಐವತ್ತು ಹೆಜ್ಜೆ ನೇರ ಹೋಗುವ ದಾರಿ ಎಲ್ಲಿದೆ? ಆದರೂ ಹೇಳುತ್ತೇವೆ. ಹನ್ನೊಂದು ತಿರುವನ್ನು ಪರದೇಶದವರಿಗೆ ವಿವರಿಸುವ ತಾಳ್ಮೆ ನಮಗಿಲ್ಲ. ಮುಂದಿನ ತಿರುವಿನಲ್ಲಿ ಇನ್ನೊಬ್ಬರು ಸಿಗುತ್ತಾರೆ, ಅವರೂ ನೇರ ಅನ್ನುತ್ತಾರೆ. ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿ ನಿಲ್ದಾಣ ಮುಟ್ಟಿಸುತ್ತೇವೆ. ಎದುರಿನ ತರಕಾರಿ ಅಂಗಡಿಯ ನಿನ್ನ ಉಗೊ ಮಾಮನನ್ನು ಯಾರಾದರೂ ಕೇಳಿದರೆ, "ನೇರ ಹೋಗ್ರಿ, ಮೂಗು ಗೋಡೆಗೆ ತಾಗಿದ್ರೆ ಗೋಡೇನ ಕೇಳ್ರಿ" ಅನ್ನುತ್ತಾನೆ. ಇಂದಿಗೂ ಅನ್ನುತ್ತಾನೆ. ನಾನು ಮಾತ್ರ ಎಂಟು ವರ್ಷದಿಂದ ಆ ಮಾತು ಆಡಿಲ್ಲ. ಯಾರಾದರೂ ದಾರಿ ಕೇಳಿದರೆ ಅಂಗಡಿ ಬಾಗಿಲೆಳೆದು ಸೇತುವೆಯವರೆಗೂ ಜೊತೆಗೆ ಹೋಗಿ ಬಿಟ್ಟುಬರುತ್ತೇನೆ. "ಎಲ್ದಾಗೆ ವಯಸ್ಸಾದ ಮೇಲೆ ಪುಣ್ಯದ ಹುಚ್ಚು ಹಿಡಿದಿದೆ" ಎಂದು ಓಣಿಯಲ್ಲಿ ಆಡಿಕೊಳ್ಳುತ್ತಾರೆ. ಓಣಿಯ ಕೊನೆಯಲ್ಲಿ, ನೀರಿನ ಅಂಚಿಗೆ, ಆಳೆತ್ತರದ ಕಣಗಿಲೆ ಗಿಡದ ನಾಲ್ಕು ಕುಂಡ ಇಟ್ಟಿದ್ದೇನಲ್ಲ, ಅದಕ್ಕೂ ನಗುತ್ತಾರೆ. ನಗಲಿ.

ಇಲ್ಲಿಂದ ಮುಂದೆ ಬರೆಯುವುದು ನಿನ್ನ ಮಕ್ಕಳಿಗಲ್ಲ. ನಿನಗೆ, ಮತ್ತು ವರ್ಷವರ್ಷ ಜರ್ಮನಿಯಿಂದ ನಮ್ಮ ಮನೆಗೆ ಬರುವ ಗೆಸಾಗೆ. ಕೂತುಕೊಂಡು ಓದು.

2009ರ ನವೆಂಬರ್ 11, ಸಂತ ಮಾರ್ತಿನನ ಹಬ್ಬದ ದಿನ ನೀನು ಪಾದುವಾದಲ್ಲಿದ್ದೆ. ಬೆಳಿಗ್ಗೆಯೇ ಸೈರನ್ ಕೂಗಿತ್ತು. ತೆಂಕಣ ಗಾಳಿ, ಮಳೆ ಎರಡೂ ಸೇರಿಕೊಂಡು ಮಧ್ಯಾಹ್ನದ ಹೊತ್ತಿಗೆ ಹಲಗೆಗಳನ್ನು ತೆಗೆದರು. ಉಗೊ ಊಟಕ್ಕೆ ಮುಂಚೆಯೇ ಬಾಗಿಲು ಹಾಕಿಕೊಂಡು ಹೋದ. ನಾನು ಬಾಗಿಲಿಗೆ ಕಬ್ಬಿಣದ ತಗಡು ಸಿಕ್ಕಿಸಿ, ಅದರ ಸಂದಿಯಿಂದ ಒಳಗೆ ಬರುತ್ತಿದ್ದ ನೀರನ್ನು ಬಕೆಟಿನಲ್ಲಿ ತೋಡಿ ಹೊರಗೆ ಸುರಿಯುತ್ತಿದ್ದೆ. ಉಲ್ಲನ್ನಿನ ಕೆಳಗಿನ ಸಾಲು ಆಗಲೇ ನೆನೆದಿತ್ತು. ಸೊಂಟ ಮುರಿದುಹೋಗಿತ್ತು. ಸಂಜೆ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಕತ್ತಲು ಇಳಿಯುತ್ತಿತ್ತು. ಮೊಣಕಾಲುದ್ದ ನೀರಿನಲ್ಲಿ, ಹಳದಿ ರಬ್ಬರ್ ಬೂಟು ಹಾಕಿಕೊಂಡು, ಅರವತ್ತರ ಹತ್ತಿರದ ಹೆಂಗಸೊಬ್ಬಳು ಬಂದು ತಗಡಿನ ಆಚೆ ನಿಂತಳು.

ಅವಳೇ ವೀಬ್ಕೆ. ಗೆಸಾಳ ತಂಗಿ.

ಉಣ್ಣೆಯ ಕಾಲುಚೀಲ ಬೇಕು ಅಂದಳು. ಎರಡು ಜೊತೆ, ಒಂದು ತನ್ನ ಅಳತೆ, ಇನ್ನೊಂದು ದೊಡ್ಡದು. ಅವಳಿಗೆ ನಮ್ಮ ಭಾಷೆಯ ನಾಲ್ಕೈದು ಮಾತು ಬರುತ್ತಿತ್ತು. ದೊಡ್ಡ ಜೊತೆಯನ್ನು ಎತ್ತಿ ತೋರಿಸಿ, "ಅಕ್ಕ. ಅಕ್ಕ ಕಾಲು ಯಾವಾಗ್ಲೂ ತಣ್ಣಗೆ" ಅಂದಳು. ಆಮೇಲೆ ಹುಬ್ಬು ಗಂಟಿಕ್ಕಿ ಮುಖ ಊದಿಸಿ ತೋರಿಸಿ, "ಅಕ್ಕ ಇವತ್ತು ಕೋಪ. ಇದು ಕೊಡ್ತೀನಿ, ಕೋಪ ಹೋಗುತ್ತೆ" ಎಂದು ನಕ್ಕಳು. ನಾನೂ ನಕ್ಕೆನೇನೋ. ಪೊಟ್ಟಣ ಕಟ್ಟಿಕೊಟ್ಟೆ. ಅವಳು ಅದನ್ನು ಕೋಟಿನ ಒಳಗೆ, ಎದೆಗೆ ಒತ್ತಿಟ್ಟುಕೊಂಡಳು.

ದೋಣಿ ನಿಲ್ದಾಣ ಎಲ್ಲಿ ಎಂದು ಕೇಳಿದಳು. ನಮ್ಮ ಬಾಗಿಲಿನಿಂದ ಮೂರು ಮನೆ ದಾಟಿ, ಎಡಕ್ಕೆ ಕಮಾನಿನ ಕೆಳಗೆ ತಿರುಗಿ ಸೇತುವೆ ಹತ್ತಬೇಕು. ತಿರುಗದೆ ಮುಂದೆ ಹೋದರೆ ಇಪ್ಪತ್ತು ಹೆಜ್ಜೆಗೆ ಓಣಿ ಮುಗಿದು ಕಾಲುವೆ. ಸರಪಳಿಯಿಲ್ಲ, ಕಟಕಟೆಯಿಲ್ಲ. ಬೇರೆ ದಿನ ಅಂಚಿನ ಬಿಳಿ ಕಲ್ಲು ಕಾಣುತ್ತದೆ, ಜನ ಅಲ್ಲಿಯವರೆಗೆ ಹೋಗಿ, ಪೆಚ್ಚಾಗಿ ನಕ್ಕು ವಾಪಸು ಬರುತ್ತಾರೆ. ಅವತ್ತು ಓಣಿ ಯಾವುದು, ಕಾಲುವೆ ಯಾವುದು, ಎಲ್ಲ ಒಂದೇ ನೀರು. ಮುಂದಿನ ತಿರುವಿನಲ್ಲಿ ಕೇಳಲು ಇನ್ನೊಬ್ಬರೂ ಇರಲಿಲ್ಲ. ನಾನು ಬಕೆಟಿನಿಂದ ತಲೆಯೆತ್ತದೆ ಕೈ ಬೀಸಿದೆ.

"ನೇರ ಹೋಗಿ. ನೇರ."

ಥ್ಯಾಂಕ್ಸ್ ಹೇಳಿ ಹೋದಳು. ಎರಡನೆಯ ದಿನ ನೀರು ಇಳಿದ ಮೇಲೆ ಅವಳು ಸಿಕ್ಕಳು. ಪೊಟ್ಟಣ ಸಿಗಲಿಲ್ಲ.

ಪೊಲೀಸರು ಬಂದು ಓಣಿಯವರನ್ನೆಲ್ಲ ವಿಚಾರಿಸಿದರು. ನನಗಿಂತ ಮುಂಚೆ ಉಗೊ, "ಅಂಥಾ ನೀರಲ್ಲಿ ಯಾರು ಸಾರ್ ಹೊರಗಿರ್ತಾರೆ, ನಾವ್ಯಾರೂ ನೋಡಿಲ್ಲ" ಅಂದ. ಅವನು ಹೇಳಿದ್ದು ನಿಜವೇ, ಅವನು ಮನೆಯಲ್ಲಿದ್ದ. ನನ್ನ ಕಡೆ ತಿರುಗಿದಾಗ ನಾನೂ ಇಲ್ಲವೆಂದು ತಲೆಯಾಡಿಸಿದೆ. ಅಷ್ಟೇ ಮಾಡಿದ್ದು ಕಣೇ, ತಲೆಯಾಡಿಸಿದ್ದು. ಬಾಯಿ ಕೂಡ ತೆರೆಯಲಿಲ್ಲ. ಈಗ ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಮೂರನೆಯ ದಿನ ಗೆಸಾ ಫೋಟೊ ಹಿಡಿದು ಹೊಸ್ತಿಲಿಗೆ ಬಂದಳು. ಅವಳಿಗೂ ಅದೇ ತಲೆಯಾಡಿಸಿದೆ. ಯಾರೂ ನೋಡಿದವರಿಲ್ಲ, ಕಾಲಲ್ಲಿ ಬೂಟಿತ್ತು, ಓಣಿಯಲ್ಲಿ ದೀಪವಿತ್ತು, ಹಾಗಾಗಿ ವೀಬ್ಕೆ ತಾನಾಗಿಯೇ ನೀರಿಗೆ ಇಳಿದಿರಬಹುದು ಎಂದು ಪೊಲೀಸರು ಕಾಗದದಲ್ಲಿ ಬರೆದುಕೊಂಡು ಹೋದರು. ಗಂಡ ಸತ್ತ ದುಃಖದಲ್ಲಿದ್ದವಳು ಎಂದೂ ಸೇರಿಸಿದರು.

ಮುಂದಿನದು ನಿನಗೆ ಗೊತ್ತು ಅಂದುಕೊಂಡಿದ್ದೀಯ. ಮರುವರ್ಷ ಅದೇ ಹಬ್ಬಕ್ಕೆ ಗೆಸಾ ಮತ್ತೆ ಬಂದಳು. ತಂಗಿಯ ಜೊತೆ ಉಳಿದಿದ್ದ ಆ ಹೋಟೆಲಿಗೆ ಕಾಲಿಡಲಾರೆ, ಮೇಲಿನ ಕೋಣೆ ಕೊಡ್ತೀರಾ ಅಂದಳು. ಇಲ್ಲ ಅನ್ನಲು ನನಗೆ ನಾಲಿಗೆ ಎಲ್ಲಿತ್ತು? ಅಂದಿನಿಂದ ಪ್ರತಿ ವರ್ಷ ನಿನ್ನ ಹಾಸಿಗೆಯಲ್ಲಿ ಮೂರು ದಿನ ಮಲಗುತ್ತಾಳೆ. ಹಬ್ಬಕ್ಕೆ ಮಾಡುವ ಕುದುರೆಯಾಕಾರದ ಬಿಸ್ಕತ್ತನ್ನು ಇಬ್ಬರೂ ಮುರಿದು ತಿನ್ನುತ್ತೇವೆ. ಅವಳು ಓಣಿಯ ಕೊನೆಗೆ ಹೋಗಿ ನಿಂತು ಬರುತ್ತಾಳೆ. "ಗೆಸಾ ಬಂದಾಗೆಲ್ಲ ನೀನ್ಯಾಕೆ ಊಟ ಬಿಡ್ತೀಯ? ಇಷ್ಟು ವರ್ಷ ಆಯ್ತು, ಇನ್ನೂ ಅವರನ್ನ ಸಿನ್ಯೋರಾ ಅಂತೀಯಲ್ಲ, ಹೆಸರು ಹಿಡಿದು ಕರೀಬಾರ್ದಾ?" ಎಂದು ನೀನು ರೇಗಿಸಿದ್ದೆ. ನಾನು ಮೀನು ಹುರಿಯುತ್ತಿದ್ದೇನೆಂದು ಬೆನ್ನು ತಿರುಗಿಸಿದೆ.

ಅವಳು ಹೋದ ಮೇಲೂ ಆ ಮೂರು ದಿನ ಮುಗಿಯುವುದಿಲ್ಲ. ಅಂಗಡಿಯ ಮುಂದೆ ಯಾರೇ ನಡೆದುಹೋದರೂ ನನ್ನ ಕಿವಿ ಅವರ ಹಿಂದೆ ಹೋಗುತ್ತದೆ. ಕಮಾನಿನ ಕೆಳಗೆ ತಿರುಗಿದರೆ ಹೆಜ್ಜೆಯ ಸದ್ದು ದೊಡ್ಡದಾಗುತ್ತದೆ, ಆಗ ಉಸಿರು ಬಿಡುತ್ತೇನೆ. ಸದ್ದು ತಿರುಗದಿದ್ದರೆ ಗಿರಾಕಿಯನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಓಡುತ್ತೇನೆ. ನೀರು ಏರಿದ ದಿನ ಬಾಗಿಲ ತಗಡಿನ ಆಚೆ ಹಳದಿ ಬೂಟು ನಿಂತಿರುತ್ತದೆ. ನನಗೆ ಭ್ರಮೆಯೆಂದು ಗೊತ್ತು, ಆದರೂ ಬಕೆಟು ಕೆಳಗಿಟ್ಟು, "ಎಡಕ್ಕಮ್ಮ, ಎಡಕ್ಕೆ ತಿರುಗು" ಎಂದು ಜೋರಾಗಿ ಹೇಳುತ್ತೇನೆ. ನಿನ್ನ ಅಪ್ಪ ಸಾಯುವ ಮುಂಚೆ ಒಮ್ಮೆ ಕೇಳಿಸಿಕೊಂಡು, "ಯಾರ ಹತ್ರ ಮಾತಾಡ್ತಿದ್ದೀಯ ಎಲ್ದಾ?" ಅಂದರು. ಬೆಕ್ಕಿನ ಹತ್ತಿರ ಅಂದೆ. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಕಳೆದ ವಾರ ಗೆಸಾಳ ಕಾಗದ ಬಂತು. ಶನಿವಾರ ಬರುತ್ತಾಳಂತೆ, ಇದೇ ಕೊನೆಯ ಸಲವಂತೆ. ಯಕೃತ್ತಿಗೆ ಕಾಯಿಲೆ, ವೈದ್ಯರು ವಸಂತದವರೆಗೆ ಅಷ್ಟೇ ಅಂದಿದ್ದಾರೆ. ನಮ್ಮ ಭಾಷೆಯಲ್ಲೇ, ತನಗೆ ಬರುವಷ್ಟರಲ್ಲಿ, ಮಗು ಬರೆದ ಹಾಗೆ ಬರೆದಿದ್ದಾಳೆ. "ಆ ಬೆಳಿಗ್ಗೆ ನಾನು ತಂಗಿಗೆ ಹೇಳಿದೆ, ನಿನ್ನ ಅಳು ಸಾಕು, ನೀನು ಇಲ್ಲ ಅಂದ್ರೆ ನನಗೆ ಸುಖ. ಅವಳು ಹೋದಳು. ನೀರು ಕೊಲ್ಲಲಿಲ್ಲ. ನನ್ನ ಬಾಯಿ ಕೊಂದಿತು." ಇಷ್ಟು ವರ್ಷ ಇದೊಂದು ಮಾತನ್ನು ಅವಳು ನನಗೆ ಹೇಳಿರಲಿಲ್ಲ. ಏಳು ವರ್ಷ ಅವಳ ಎದುರು ಕೂತು ಬಿಸ್ಕತ್ತು ತಿಂದಿದ್ದೇನೆ. ತಂಗಿ ಅವಳಿಗೆಂದೇ ಕಾಲುಚೀಲ ಕೊಂಡು ಅವಳ ಹತ್ತಿರಕ್ಕೇ ವಾಪಸು ಹೊರಟಿದ್ದಳು ಎಂಬ ಒಂದು ಮಾತು ನನ್ನ ಬಾಯಲ್ಲೇ ಕೊಳೆಯಿತು.

ಮುರುಕು ಭಾಷೆಯಲ್ಲಿ ಇದನ್ನು ಹೇಳಲು ಆಗುವುದಿಲ್ಲ. ಹೇಳಹೊರಟರೆ ನಾನು ನನಗೆ ಬೇಕಾದ ಕಡೆ ಮೆತ್ತಗೆ ಮಾಡಿಬಿಡುತ್ತೇನೆ. ಅದಕ್ಕೇ ಮಗಳೇ, "ಇಲ್ಲಿಂದ ಮುಂದೆ" ಎಂದು ಬರೆದೆನಲ್ಲ, ಅಲ್ಲಿಂದ ಕೊನೆಯವರೆಗೆ ಜರ್ಮನ್‌ಗೆ ಮಾಡು. ನನ್ನನ್ನು ಒಳ್ಳೆಯವಳನ್ನಾಗಿ ಮಾಡಬೇಡ. ಅಮ್ಮನಿಗೆ ದಣಿವಾಗಿತ್ತು, ಊರಿನ ರೂಢಿಯೇ ಹಾಗೆ ಎಂದೆಲ್ಲ ಸೇರಿಸಬೇಡ. ಶನಿವಾರ ಬೆಳಿಗ್ಗೆಯ ರೈಲಿಗೆ ಬಾ. ಅವಳು ಮೊದಲು ಓದಲಿ, ಆಮೇಲೆ ನನ್ನನ್ನು ಕರೆಯಲಿ ಅಥವಾ ಕರೆಯದಿರಲಿ, ನಾನು ಕೆಳಗೆ ಅಂಗಡಿಯಲ್ಲಿರುತ್ತೇನೆ. ಸೋಮವಾರ ಪೊಲೀಸರ ಹತ್ತಿರ ಹೋಗಿ ಆ ಹಳೆಯ ಕಾಗದವನ್ನೂ ತಿದ್ದಿಸುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಬಾ, ಅಷ್ಟು ಸಾಕು.

ನಿನ್ನ ಅಮ್ಮ,
ಎಲ್ದಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಒಂದು ವಿಷಯ ಬಿಟ್ಟಿದ್ದೆ. ಅವಳು ಹೋದ ಸ್ವಲ್ಪ ಹೊತ್ತಿಗೆ ಓಣಿಯ ಕೊನೆಯಲ್ಲಿ ನೀರು ಬಡಿದ ಸದ್ದು ಕೇಳಿತು. ಆಮೇಲೆ ಅವಳು ಏನೋ ಕೂಗಿದಳು, ಒಂದೇ ಮಾತು, ಎರಡು ಸಲ. ಯಾರೋ ಪ್ರವಾಸಿಗಳು ನೀರಾಟ ಆಡುತ್ತಿದ್ದಾರೆ ಎಂದುಕೊಂಡು ನಾನು ಬಕೆಟು ಎತ್ತಿಕೊಂಡೆ. ಮೂರನೆಯ ದಿನ ಗೆಸಾ ನಮ್ಮ ಹೊಸ್ತಿಲಲ್ಲಿ ನಿಂತು ತನ್ನ ಹೆಸರು ಹೇಳಿದಾಗ, ನಾನು ಕೇಳಿದ್ದು ಅದೇ ಹೆಸರು ಎಂದು ಗೊತ್ತಾಯಿತು. ಇದನ್ನೂ ಜರ್ಮನ್‌ಗೆ ಮಾಡು.