ಬರಬೇಡ, ಸ್ಪಂದನಾ

ಸುಂಡ್‌ಬೀಬರ್ಯ್, ಸ್ವೀಡನ್
೧೨ ಫೆಬ್ರವರಿ ೨೦೧೨, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹೋದ ತಿಂಗಳ ಮಲೇರಿಯಾ ಪೂರ್ತಿ ಬಿಟ್ಟಿತೋ, ಇಲ್ಲ ನನಗೆ ಸಮಾಧಾನವಾಗಲಿ ಅಂತ ಫೋನಿನಲ್ಲಿ ದನಿ ಗಟ್ಟಿ ಮಾಡಿಕೊಂಡು ಮಾತಾಡಿದೆಯೋ? ಸೊಳ್ಳೆಪರದೆ ಹರಿದಿದ್ದರೆ ಹೊಲಿದುಕೋ. ಮಧ್ಯಾಹ್ನದ ಊಟ ತಪ್ಪಿಸಬೇಡ. ಇಲ್ಲಿ ಕೊರೆಯುವ ಚಳಿ. ಕಿಟಕಿ ಪಕ್ಕದ ಕರಿಬೇವು ಮುನಿಸಿಕೊಂಡು ಎಲೆಯೆಲ್ಲ ಉದುರಿಸಿದೆ, ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ. ಈ ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚಟ್ನಿಪುಡಿ ಡಬ್ಬದ ತಳದಲ್ಲಿ ಇಡುತ್ತೇನೆ. ಡಬ್ಬ ತಂದುಕೊಟ್ಟವರ ಎದುರಿಗೆ ಮಾತ್ರ ಓದಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಅಪ್ಪ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿರುತ್ತಾರಲ್ಲ.

ಸಂಕ್ರಾಂತಿಯಲ್ಲಿ ನಾನು ಮಾಡಿದ ಜಗಳವನ್ನು ನಿನ್ನ ಗೆಳತಿ ಚಾರ್ವಿ ಹೇಳಿಯೇ ಇರುತ್ತಾಳೆ. ಆದರೂ ನನ್ನ ಬಾಯಿಂದ ಕೇಳು. ಇಲ್ಲಿನ ನಗರಸಭೆಯ ಹಾಲ್ ಬಾಡಿಗೆಗೆ ಹಿಡಿದು ಕನ್ನಡದವರೆಲ್ಲ ಸೇರಿದ್ದೆವು. ನಾನು ತಟ್ಟೆ ಹಿಡಿದು ಎಳ್ಳುಬೆಲ್ಲ ಹಂಚುತ್ತಿದ್ದೆ. ಚಾರ್ವಿಯ ಅಪ್ಪ ಬದರಿನಾಥ ಅಂಗೈ ಚಾಚಿಕೊಂಡೇ ಶುರು ಮಾಡಿದರು. “ಏನ್ರೀ ರಾಜಲಕ್ಷ್ಮಿ, ಮಗಳನ್ನ ಇನ್ನೂ ವಾಪಸ್ ಕರೆಸ್ಕೊಂಡಿಲ್ವಾ? ಸೌತ್ ಸುಡಾನ್ ಹುಟ್ಟಿ ಆರು ತಿಂಗಳಾಗಿದೆ ಅಷ್ಟೇ. ಉತ್ತರದವ್ರು ಗಡಿ ಮುಚ್ಚಿ ಬಾಂಬ್ ಹಾಕ್ತಿದಾರೆ, ಸುತ್ತ ಇರೋರೆಲ್ಲ ಯಾವಾಗ ಬೀಳುತ್ತೆ ಅಂತ ಕಾಯ್ತಿದಾರೆ. ಎರಡು ವರ್ಷ ಉಳಿದ್ರೆ ಹೆಚ್ಚು.” ಎಳ್ಳುಬೆಲ್ಲ ಕೊಟ್ಟು ಒಳ್ಳೆಯದನ್ನೇ ಆಡಬೇಕಾದ ಹಬ್ಬ ಕಣೇ ಅದು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಅಂಗೈಗೆ ಹಾಕಿದ್ದ ಎಳ್ಳುಬೆಲ್ಲವನ್ನು ಅವರ ಕೈ ಮಗುಚಿ ತಟ್ಟೆಗೇ ವಾಪಸ್ ಸುರಿದುಕೊಂಡೆ. ನನ್ನ ಜನ್ಮದಲ್ಲಿ ಯಾರೂ ಹಾಗೆ ಮಾಡಿದ್ದನ್ನು ಕಂಡವಳಲ್ಲ ನಾನು.

ಆಮೇಲೆ ಸುಮ್ಮನಾದೆನೇ? ಇಲ್ಲ. ನನ್ನ ಸೋದರತ್ತೆ ಪಾರ್ವತಿ ಸ್ವಾತಂತ್ರ್ಯ ಬಂದ ಹೊಸತರಲ್ಲಿ ತುಮಕೂರಿನ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು, ಆಗಲೂ ಈ ದೇಶ ಚೂರಾಗುತ್ತದೆ ಎನ್ನುವ ದೊಡ್ಡ ಮನುಷ್ಯರು ಬೇಕಾದಷ್ಟು ಜನ ಇದ್ದರು, ಅವರು ಹೇಳುತ್ತಲೇ ಇದ್ದರು, ನಮ್ಮತ್ತೆ ಹೆರಿಗೆ ಮಾಡಿಸುತ್ತಲೇ ಇದ್ದಳು ಎಂದೆ. ಚಾರ್ವಿ ಒಬ್ಬಳೇ “ಬ್ರಾ, ತಾಂಟ್!” ಎಂದು ಸ್ವೀಡಿಷ್‌ನಲ್ಲಿ ‘ಶಭಾಷ್, ಆಂಟಿ’ ಹೇಳಿ ಚಪ್ಪಾಳೆ ತಟ್ಟಿದಳು. ಅಂದಿನಿಂದ ಬದರಿನಾಥರ ಮನೆಯಿಂದ ಫಿಕಾಗೆ, ಆ ಕಾಫಿ-ತಿಂಡಿ ಹರಟೆಗೆ, ಕರೆಯಿಲ್ಲ. ಇಲ್ಲದಿದ್ದರೆ ಬೇಡ, ಅವರ ಕಾಫಿಯೂ ಅಷ್ಟಕ್ಕಷ್ಟೆ.

ನಿನ್ನ ಅಪ್ಪನದೇ ನನಗೆ ಯೋಚನೆ. ಫ್ರಿಜ್ ಬಾಗಿಲಿಗೆ ನಿಮ್ಮ ದೇಶದ ಭೂಪಟ ಅಂಟಿಸಿದ್ದಾರೆ. ಗಡಿಯಲ್ಲಿ ಗುಂಡು ಹಾರಿದ ಸುದ್ದಿ ಬಂದಾಗಲೆಲ್ಲ ಎದ್ದು ಹೋಗಿ ನೀನಿರುವ ಜೂಬಾಕ್ಕೂ ಅಲ್ಲಿಗೂ ಎಷ್ಟು ದೂರ ಎಂದು ಬೆರಳಲ್ಲಿ ಅಳೆಯುತ್ತಾರೆ. “ಒಂದು ದೇಶ ಕಟ್ಟೋಕೆ ನಮ್ಮ ಮಗಳೇ ಬೇಕಾ?” ಅಂತ ಮೊನ್ನೆ ಕೂಗಾಡಿದರು. ಬೇರೆಯವರ ಮಗಳಾದರೆ ಆಗಬಹುದಾ ಎಂದು ಕೇಳಿದೆ. ಎದ್ದು ಹೋಗಿ ಮತ್ತೆ ಆ ಭೂಪಟದ ಮುಂದೆ ನಿಂತರು. ಸೋಡರ್‌ಟೆಲ್ಯೆಯ ಕಾರ್ಖಾನೆಯಲ್ಲಿ ಇಷ್ಟು ವರ್ಷ ಲಾರಿ ಎಂಜಿನ್ನುಗಳ ಜೊತೆ ದುಡಿದು ರಿಟೈರ್ ಆದ ಮನುಷ್ಯ, ಈಗ ಕೈಗೆ ಕೆಲಸವಿಲ್ಲ. ಹೆದರಿಕೆಯನ್ನೇ ಕೆಲಸ ಮಾಡಿಕೊಂಡಿದ್ದಾರೆ. ಊರಲ್ಲಿ ಹೊನ್ನಪ್ಪನ ಮಗಳ ಮದುವೆಯಲ್ಲಿ ಕರೆಂಟ್ ಹೋದದ್ದು ನೆನಪಿದೆಯಾ? ರೇಷ್ಮೆ ಪಂಚೆ ಉಟ್ಟುಕೊಂಡೇ ಛತ್ರದ ಜನರೇಟರಿನ ಕೆಳಗೆ ನುಸುಳಿದರು. ಧಾರೆ ಮುಗಿದು ಎಲ್ಲರೂ ಊಟಕ್ಕೆ ಕೂತ ಮೇಲೆ, ಅದನ್ನು ಓಡುವಂತೆ ಮಾಡಿ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಹೊರಗೆ ಬಂದರು. ಅಷ್ಟು ಖುಷಿಯಾಗಿದ್ದ ಅವರನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ.

ನನಗೆ ಹೆದರಿಕೆಯಿಲ್ಲ ಎಂದುಕೊಳ್ಳಬೇಡ. ಇರುವವಳು ನೀನೊಬ್ಬಳು. ನಿನ್ನ ಫೋನ್ ಒಂದು ದಿನ ತಡವಾದರೆ ಒಲೆಯ ಮೇಲಿಟ್ಟ ಹಾಲು ಉಕ್ಕಿದರೂ ನನಗೆ ಗೊತ್ತಾಗುವುದಿಲ್ಲ. ಆದರೆ ನಿನ್ನ ಸೂಲಗಿತ್ತಿ ಶಾಲೆಯ ಹುಡುಗಿಯರಿಗೆ ಮೇ ತಿಂಗಳಲ್ಲಿ ಪರೀಕ್ಷೆ, ನೀನು ಹೊರಟರೆ ಶಾಲೆಗೆ ಬೀಗ ಎಂದು ನೀನೇ ಹೇಳಿದ್ದೆ. ಆ ಹೊಸ ದೇಶದ ಬಾವುಟ ಏರಿಸಿದ ದಿನ ಎಲ್ಲೆಲ್ಲಿಂದಲೋ ಬಂದು ಫೋಟೊ ತೆಗೆಸಿಕೊಂಡು ಹೋದರಲ್ಲ, ಅವರಲ್ಲಿ ಯಾರಾದರೂ ಹೆರಿಗೆ ನೋವು ತಿನ್ನುವವಳ ಕೈ ಹಿಡಿಯಲು ಉಳಿದಿದ್ದಾರಾ? ಗಡಿ ಮುಚ್ಚಿ ಬಿಡಿಭಾಗ ಬರದೆ ನಿಮ್ಮ ಆಸ್ಪತ್ರೆಯ ಜನರೇಟರ್ ಕೆಟ್ಟು ನಿಂತಿದೆ, ಟಾರ್ಚ್ ಹಿಡಿದು ಹುಡುಗಿಯರಿಗೆ ಕಲಿಸುತ್ತಿದ್ದೇವೆ ಎಂದೆಯಲ್ಲ, ಅದನ್ನು ಕೇಳಿ ಅತ್ತುಬಿಟ್ಟೆ. ಹೆಮ್ಮೆಯೂ ಆಯಿತು. ಆದ್ದರಿಂದ ಬರಬೇಡ. ಬದರಿನಾಥರು ಹೇಳಿದರೆಂದು ಬರಬೇಡ, ಅಪ್ಪ ಕೂಗಾಡಿದರೆಂದು ಬರಬೇಡ, ನಾನು ಒಂದು ದಿನ ಮನಸ್ಸು ತಡೆಯದೆ ಫೋನಿನಲ್ಲಿ ಅತ್ತು ಕರೆದರೂ ಬರಬೇಡ. ಆವತ್ತು ಈ ಪತ್ರವನ್ನು ನನಗೇ ಓದಿ ಹೇಳು.

ನಿನ್ನ ಹುಡುಗಿಯರೆಲ್ಲ ಪಾಸಾಗಲಿ. ಅವರು ಎತ್ತಿಕೊಂಡ ಕೂಸುಗಳೆಲ್ಲ ಬಾಳಲಿ, ಆ ದೇಶವೂ ಬಾಳಲಿ. ನಿನ್ನ ನೆತ್ತಿಯ ಮೇಲೆ ನನ್ನ ಕೈ ಇದೆ.

ನಿನ್ನ ಅಮ್ಮ,
ರಾಜಲಕ್ಷ್ಮಿ

ಅಪ್ಪ ಸ್ನಾನಕ್ಕೆ ಹೋಗಿದ್ದಾರೆ, ಬೇಗ ಬರೆಯುತ್ತೇನೆ: ಈ ಡಬ್ಬ ಹಿಡಿದು ಬರುವಾಗ ನಿನ್ನನ್ನು ನೋಡಿಕೊಂಡು ಬರುತ್ತೇನೆ ಎಂದು ಅವರು ನಿನಗೆ ಹೇಳಿದ್ದು ಅರ್ಧ ನಿಜ. ವಾಪಸ್ ಬರಲು ಎರಡು ಟಿಕೆಟ್ ಮಾಡಿಸಿದ್ದಾರೆ, ಒಂದು ನಿನ್ನ ಹೆಸರಿನಲ್ಲಿ. ನೀನು ವಾದಕ್ಕೆ ಇಳಿಯಬೇಡ. ಮೊದಲು ಊಟಕ್ಕೆ ಬಡಿಸು. ಆಮೇಲೆ ಆ ಜನರೇಟರಿನ ಹತ್ತಿರ ಕರೆದುಕೊಂಡು ಹೋಗಿ ಬಿಟ್ಟು, ಪಾಠಕ್ಕೆ ಹೊತ್ತಾಯಿತೆಂದು ಹೊರಟುಬಿಡು. ಅವರ ಸ್ಪ್ಯಾನರುಗಳನ್ನೆಲ್ಲ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ, ಹಳೆಯ ಸ್ವೆಟರಿನಲ್ಲಿ ಸುತ್ತಿ. ಅವರಿಗೆ ಗೊತ್ತಿಲ್ಲ.