ಇದ್ದಷ್ಟೇ ಓದುವುದು

ಹುಣಸೂರು
ಗುರುವಾರ, 18-11-1954

ಪ್ರೀತಿಯ ಗುರುಶಾಂತಕ್ಕನಿಗೆ ತಮ್ಮ ರುದ್ರಸ್ವಾಮಿಯ ಶರಣು.

ಹೇಗಿದ್ದೀಯೆ ಅಕ್ಕಾ? ಕಾಲಿನ ಊತ ಇಳಿಯಿತೆ? ಹೊಟ್ಟೆಯೊಳಗಿರುವ ನನ್ನ ಸೋದರಳಿಯ ಒದೆಯುತ್ತಿದ್ದಾನೆಯೆ? ಸೋದರಸೊಸೆಯಾಗಿದ್ದರೆ ಇನ್ನೂ ಜೋರಾಗಿ ಒದೆಯುತ್ತಿರಬೇಕು, ನಮ್ಮ ಮನೆ ಹೆಣ್ಣುಮಕ್ಕಳ ರೀತಿಯೇ ಅದು. ಚುಂಚನಕಟ್ಟೆಯಲ್ಲಿ ಹೊಳೆ ಗಾಳಿ ತಣ್ಣಗೆ ಬೀಸುತ್ತಿರುತ್ತದೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಬರಬೇಡ. ಭಾವನವರೂ ನಿನ್ನ ಅತ್ತೆಯವರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಅಪ್ಪನ ಕೆಮ್ಮು ಇಳಿದಿದೆ. ರಾಗಿ ಕೊಯ್ಲು ಶುರುವಾಗಿದೆ. ನಾನು ಹೊಲಕ್ಕೆ ಹೋದ ದಿನ ಕೆಲಸ ತಡವಾಗುತ್ತದೆಂದು ಎಲ್ಲರೂ ಹೇಳುತ್ತಾರೆ. ಆದ್ದರಿಂದ ಲೋಕಹಿತಕ್ಕಾಗಿ ಮನೆಯಲ್ಲೇ ಇದ್ದೇನೆ.

ಈಗ ಒಂದು ಗಂಭೀರ ಸಮಾಚಾರ. ನಾನು ಸುಧಾರಿಸುತ್ತಿದ್ದೇನೆ. ನಗಬೇಡ, ಈ ಸ್ಥಿತಿಯಲ್ಲಿ ಅಷ್ಟು ನಗುವುದು ಒಳ್ಳೆಯದಲ್ಲ. ಚನ್ನಬಸವಣ್ಣ ಮೇಷ್ಟ್ರ ಬೀರುವಿನಲ್ಲಿ ಒಂದು ಪುಸ್ತಕ ಸಿಕ್ಕಿತು, ಮನುಷ್ಯ ತನ್ನನ್ನು ತಾನೇ ತಿದ್ದಿಕೊಳ್ಳುವುದು ಹೇಗೆಂದು ಹೇಳುವಂಥದು. ರಟ್ಟನ್ನು ಗೆದ್ದಲು ತಿಂದಿರುವುದರಿಂದ ಬರೆದ ಮಹನೀಯರು ಯಾರೋ ತಿಳಿಯದು. ತಿಂದ ಗೆದ್ದಲು ಎಷ್ಟು ಸುಧಾರಿಸಿತೋ ಅದೂ ತಿಳಿಯದು. ಕೋಳಿ ಕೂಗುವ ಮೊದಲು ಏಳಬೇಕೆಂದು ಅದರಲ್ಲಿದೆ. ಎದ್ದೆ. ಎದುರು ಮನೆ ಬೀರಮ್ಮನ ಹುಂಜವನ್ನೂ ಎಬ್ಬಿಸಿದೆ. ಸುಧಾರಣೆ ನನ್ನೊಬ್ಬನಿಗೇ ಏಕೆ? ದಿನಕ್ಕೊಂದು ಗಂಟೆ ಮೌನವಾಗಿರಬೇಕೆಂದೂ ಇದೆ. ಕಾಲು ಗಂಟೆ ಬಾಯಿ ಮುಚ್ಚಿ ಕುಳಿತಿದ್ದೆನಷ್ಟೆ, ಅಮ್ಮ "ಯಾವ ಪಾಪಿ ಕಣ್ಣು ಬಿತ್ತೋ ನನ್ ಮಗೀಗೆ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಕೆಮ್ಮಿ ಕೆಮ್ಮಿ ವ್ರತಭಂಗವಾಯಿತು.

ಆದರೆ ಮೂರನೆಯ ಅಧ್ಯಾಯದಲ್ಲಿ ಸಿಕ್ಕಿಬಿದ್ದೆ. ಯಾರಿಗೆ ತಪ್ಪು ಮಾಡಿದ್ದೀಯೋ ಅವರಿಗೇ ಹೇಳು, ಮೇಷ್ಟ್ರಿಗೆ ಹೇಳಿದರೆ ಸಾಲದು, ದೇವರಿಗೆ ಹೇಳಿದರೂ ಸಾಲದು ಎನ್ನುತ್ತದೆ. ಅದಕ್ಕೇ ಈ ಕಾಗದ. ಇನ್ನು ಮೇಲೆ ತಮಾಷೆ ಇಲ್ಲ ಅಕ್ಕಾ.

ದೀಪಾವಳಿಯ ಮಾರನೆ ದಿನ ನಿನ್ನ ಕಾಗದ ಬಂದಾಗ ಅಮ್ಮ ಮುದ್ದೆ ತೊಳಸುತ್ತಿದ್ದಳು. ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ ಎಂಬುದು ನಿನಗೆ ಗೊತ್ತೇ ಇದೆ. ಒಲೆಯ ಮುಂದೆ ನಿಂತು ಓದಿದೆ. "ಅತ್ತೆಯವರು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಏಳು ತುಂಬುವುದರೊಳಗೆ ಅಮ್ಮ ಯಾವತ್ತು ಬರುತ್ತಾಳೆ?" ಎಂದು ನೀನು ಬರೆದಿದ್ದೆ. ನಾನು ಏನು ಓದಿದೆ ಗೊತ್ತೆ? "ಅತ್ತೆಯವರು ಹೆತ್ತ ತಾಯಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾರೆ. ಇಲ್ಲಿನ ಮುದ್ದೆಯಲ್ಲಿ ಗಂಟಿರುವುದಿಲ್ಲ. ಹೆರಿಗೆಯೂ ಇಲ್ಲೇ ಆಗಲಿ." ಅಮ್ಮ ಕೋಲೆತ್ತಿಕೊಂಡು ಬರುತ್ತಾಳೆ, ಓಡಿಹೋಗಿ ತಮಾಷೆ ಎಂದು ಕೂಗೋಣ ಎಂದುಕೊಂಡಿದ್ದೆ. ಅವಳು ಕೋಲೆತ್ತಲಿಲ್ಲ. "ಅಂಗಂದ್ಲಾ? ಇರ್ಲಿ ಬುಡು" ಎಂದು ಒಲೆಯ ಕಡೆ ತಿರುಗಿದಳು. ಆಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ನಿನಗೆಂದು ಕಟ್ಟಿಟ್ಟಿದ್ದ ಮಡಿಲಕ್ಕಿಯ ಗಂಟನ್ನು ಅವಳು ಸಂಜೆ ಬಿಚ್ಚಿ, ಅಕ್ಕಿಯನ್ನು ಮಡಕೆಗೆ ಸುರಿದದ್ದನ್ನೂ ಬಾಗಿಲಲ್ಲಿ ನಿಂತು ನೋಡಿದೆ. "ಅಮ್ಮನಿಗೆ ನನ್ನ ಮೇಲೆ ಏನು ಕೋಪ?" ಎಂದು ನೀನು ಬರೆದ ಎರಡನೆಯ ಕಾಗದ ನನ್ನ ಜೇಬಿನಲ್ಲೇ ಇದೆ. ಅಕ್ಕ ಕ್ಷೇಮವಂತೆ ಎಂದಷ್ಟೇ ಹೇಳಿದೆ.

ನಿನಗೆ ಏಳು ತುಂಬಲು ಇನ್ನು ಹತ್ತು ದಿನ. ಎಂಟರಲ್ಲಿ ಬಸುರಿಯನ್ನು ಕರೆತರುವ ವಾಡಿಕೆ ನಮ್ಮಲ್ಲಿಲ್ಲ. ತವರಿನವರು ಬಂದು ಮಡಿಲು ತುಂಬದೆ ನೀನಾಗಿ ಹೊರಡುವವಳೂ ಅಲ್ಲ. ನನ್ನ ಒಂದು ಮಾತಿಗೆ ನಿನ್ನ ಬಾಣಂತನವೇ ತಪ್ಪುವಂತಿದೆ.

ಇಷ್ಟು ದಿನ ಇಲ್ಲದ ಬುದ್ಧಿ ನಿನ್ನೆ ಬಂದದ್ದು ಪುಸ್ತಕದಿಂದಲ್ಲ, ಬೀರಮ್ಮನಿಂದ. ಅವಳ ಮಗ ಕೊಡಗಿನ ಕಾಫಿ ತೋಟದಲ್ಲಿದ್ದಾನಲ್ಲ, ಅವನ ಕಾರ್ಡು ತಂದಳು. ಸೆರಗು ಹೊದ್ದು, ದೇವರ ಮುಂದೆ ನಿಂತ ಹಾಗೆ ನಿಂತಳು. ನಾನು ಎಂದಿನಂತೆ ಸ್ವಲ್ಪ ಉಪ್ಪು ಖಾರ ಬೆರೆಸಿ, "ತಾಯೇ, ನಿಮ್ಮನ್ನು ನೆನೆಯದ ದಿನವಿಲ್ಲ" ಎಂದು ಶುರುಮಾಡಿದೆ. ಅವಳು ಕೈ ಅಡ್ಡ ಹಿಡಿದಳು. "ನನ್ ಮಗ ಅಷ್ಟುದ್ದ ಮಾತಾಡೋನಲ್ಲ ಕಣಪ್ಪ. ಅವ್ನು ಆಡೋದೇ ಮೂರು ಮಾತು. ಆ ಮೂರೇ ಕೊಡು ನಂಗೆ." ಕಾರ್ಡಿನಲ್ಲಿ ಇದ್ದದ್ದೂ ಅಷ್ಟೇ ಅಕ್ಕಾ. ಚೆನ್ನಾಗಿದ್ದೀನಿ. ಚಳಿ ಜಾಸ್ತಿ. ಯುಗಾದಿಗೆ ಬತ್ತೀನಿ. ಅದನ್ನು ಕೇಳಿ ಅವಳು ಕಣ್ಣೊರೆಸಿಕೊಂಡಳು. ನಾನು ಸೇರಿಸಿ ಓದಿದ ಅಷ್ಟೂ ಕಾಗದಗಳಿಗೆ ಅವಳು ಒಂದು ದಿನವೂ ಅತ್ತಿರಲಿಲ್ಲ.

ಭಾನುವಾರ ಅಪ್ಪ ಸಂತೆಗೆ ಹೋದಾಗ ಅಮ್ಮನಿಗೆ ಎಲ್ಲವನ್ನೂ ಹೇಳುತ್ತೇನೆ. ಇವತ್ತೇ ಏಕೆ ಹೇಳಬಾರದು ಎಂದು ಕೇಳಬೇಡ. "ನಾಳೆ ಎನ್ನಬೇಡ" ಎಂಬ ಅಧ್ಯಾಯ ಮುಂದಿದೆ, ಅಲ್ಲಿಗೆ ನಾನಿನ್ನೂ ಬಂದಿಲ್ಲ. ಅಮ್ಮನಿಗೆ ನಿನ್ನ ಮೇಲೆ ಕೋಪವಿಲ್ಲ, ಸಂಕಟವಿದೆ. ಕೋಪ ಮಾಡಿಕೊಳ್ಳಬೇಕಾದವನು ನಾನು, ಅದೂ ನನ್ನ ಮೇಲೆ.

ನಿನ್ನ ಅತ್ತೆಯವರಿಗೂ ಭಾವನವರಿಗೂ ನನ್ನ ಶರಣು. ಒದೆಯುತ್ತಿರುವವರಿಗೆ ಮಾವನ ಮುತ್ತು. ಎಲ್ಲ ಸುಸೂತ್ರವಾಗಲಿ.

ಇಂತು, ಅರ್ಧ ಸುಧಾರಿಸಿದ ನಿನ್ನ ತಮ್ಮ,
ರುದ್ರಸ್ವಾಮಿ

ವಿ.ಸೂ.: ಲಕೋಟೆ ಅಂಟಿಸುವಾಗ ಅಮ್ಮ ರಾಗಿ ಕೇರುತ್ತಾ ಬಂದು, "ಅದೇನ್ಲಾ ಅಷ್ಟುದ್ದ ಬರ್ದಿದ್ದೀಯ, ಓದು" ಎಂದಳು. ಏನು ಬೇಕಾದರೂ ಓದಬಹುದಾಗಿತ್ತು. ಬರೆದದ್ದನ್ನೇ ಓದಿದೆ, ಮೊದಲಿನಿಂದ ಕೊನೆಯವರೆಗೆ. ಮೊರ ಎರಡು ಸಲ ನನ್ನ ಬೆನ್ನಿಗೆ ಬಿತ್ತು. ಆಮೇಲೆ ನಿನ್ನ ಎರಡು ಕಾಗದಗಳನ್ನೂ ಓದಿಸಿಕೊಂಡಳು, ಮೂರು ಮೂರು ಸಲ. ಈಗ ಹೇಳುತ್ತಿದ್ದಾಳೆ: "ಬರಿ. ಸ್ವಾಮಾರ ಮೊದಲ್ನೇ ಬಸ್ಸಿಗೆ ಮಡಿಲಕ್ಕಿ ತಕ್ಕೊಂಡು ಬತ್ತೀನಿ. ನನ್ ಮಗಳು ಬಟ್ಟೆಬರೆ ಕಟ್ಕೊಂಡು ಕೂತಿರ್ಲಿ." ಬರೆದದ್ದಾಯಿತು. ಆದರೆ ನನ್ನ ಮೇಲೆ ಅವಳಿಗೆ ನಂಬಿಕೆ ಸಾಲದು. ಟಪಾಲು ಹಂಚಲು ಬಂದ ಪೋಸ್ಟ್‌ಮನ್ ಬಸವರಾಜಣ್ಣನವರನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ನಾನು ಬರೆದದ್ದನ್ನು ಅವರಿಂದ ಓದಿಸಲು ಕಾಯುತ್ತಿದ್ದಾಳೆ.

ನಿಮ್ಮ ತಾಯಿ ಮಂಗಳಮ್ಮನವರು ಹೇಳಿದ್ದೂ ಇಲ್ಲಿ ಬರೆದಿರುವುದೂ ಒಂದೇ. ಹೆಚ್ಚಿಲ್ಲ, ಕಡಿಮೆಯಿಲ್ಲ. ಓದಿ ನೋಡಿದ್ದೇನೆ.
— ಬಸವರಾಜು, ಪೋಸ್ಟ್‌ಮನ್